ಸೂತ್ರಕ್ಕಿಂತ ಮೊದಲು ನಕ್ಷೆ: ಚಲನಶಾಸ್ತ್ರದ ಮೊದಲ ಪಾಠಗಳು

ವಸ್ತು ಏಕೆ ಚಲಿಸುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಹೇಗೆ ಚಲಿಸುತ್ತದೆ ಎಂಬುದನ್ನಷ್ಟೇ ವಿವರಿಸುವ ಭೌತಶಾಸ್ತ್ರದ ಭಾಗ ಚಲನಶಾಸ್ತ್ರ. ಬಲ, ದ್ರವ್ಯರಾಶಿಗಳ ಮಾತು ಇಲ್ಲಿಲ್ಲ. ಸ್ಥಾನ ಮತ್ತು ಕಾಲ ಎರಡೇ ಇದರ ಬಂಡವಾಳ.

ಸಾಗಿದ ಹಾದಿಯ ಒಟ್ಟು ಉದ್ದವೇ ದೂರ. ಹೊರಟ ಜಾಗದಿಂದ ತಲುಪಿದ ಜಾಗಕ್ಕಿರುವ ನೇರ ಅಂತರವನ್ನು ದಿಕ್ಕಿನೊಡನೆ ಹೇಳಿದರೆ ಅದು ಸ್ಥಾನಪಲ್ಲಟ. 400 ಮೀಟರ್ ಓಟದ ಪಥದಲ್ಲಿ ಒಂದು ಸುತ್ತು ಮುಗಿಸಿದವರ ಸ್ಥಾನಪಲ್ಲಟ ಸೊನ್ನೆ. ದೂರವನ್ನು ಕಾಲದಿಂದ ಭಾಗಿಸಿದಾಗ ಸರಾಸರಿ ಜವ, ಸ್ಥಾನಪಲ್ಲಟವನ್ನು ಭಾಗಿಸಿದಾಗ ಸರಾಸರಿ ವೇಗ ಸಿಗುತ್ತದೆ. ಹಾದಿಯ ಅರ್ಧವನ್ನು ಗಂಟೆಗೆ 40 ಕಿ.ಮೀ., ಉಳಿದರ್ಧವನ್ನು 60 ಕಿ.ಮೀ. ಜವದಲ್ಲಿ ಕ್ರಮಿಸಿದ ಬಸ್ಸಿನ ಸರಾಸರಿ ಜವ 50 ಅಲ್ಲ, 48. ನಿಧಾನವಾಗಿ ಸಾಗಿದ ಅರ್ಧಕ್ಕೆ ಹೆಚ್ಚು ಹೊತ್ತು ಹಿಡಿದಿರುತ್ತದೆ.

ವೇಗ ಬದಲಾಗುವ ದರವೇ ವೇಗೋತ್ಕರ್ಷ. ಇದನ್ನು ಅರಿಯಲು ವೇಗ-ಕಾಲ ನಕ್ಷೆಗಿಂತ ಒಳ್ಳೆಯ ಸಾಧನವಿಲ್ಲ. ನಕ್ಷೆಯ ಗೆರೆಯ ಓರೆ ವೇಗೋತ್ಕರ್ಷವನ್ನು ಕೊಟ್ಟರೆ, ಗೆರೆಯ ಕೆಳಗಿನ ವಿಸ್ತೀರ್ಣ ಸ್ಥಾನಪಲ್ಲಟವನ್ನು ಕೊಡುತ್ತದೆ. ವೇಗೋತ್ಕರ್ಷ ಸ್ಥಿರವಾಗಿದ್ದರೆ ಗೆರೆ ನೇರವಾಗಿರುತ್ತದೆ; ಅದರ ಕೆಳಗೆ ಒಂದು ಆಯತ, ಅದರ ಮೇಲೊಂದು ತ್ರಿಕೋನ. ಆಯತವೆಂದರೆ ಆರಂಭಿಕ ವೇಗ ಮತ್ತು ಕಾಲದ ಗುಣಲಬ್ಧ. ತ್ರಿಕೋನವೆಂದರೆ ವೇಗೋತ್ಕರ್ಷವನ್ನು ಕಾಲದ ವರ್ಗದಿಂದ ಗುಣಿಸಿದ್ದರ ಅರ್ಧ. ಎರಡನ್ನೂ ಕೂಡಿಸಿದರೆ ಚಲನೆಯ ಎರಡನೇ ಸಮೀಕರಣ ಸಿದ್ಧ. ಈ ಬಗೆಯ ಚಿತ್ರವನ್ನು 14ನೇ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಒರೆಮ್ ಬಿಡಿಸಿದ್ದ. ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ, ಹರಿದ ನೀರನ್ನು ತೂಗಿ ಕಾಲವನ್ನು ಅಳೆದ; ಫಲಿತಾಂಶಗಳು 1638ರ ಅವನ ಗ್ರಂಥದಲ್ಲಿವೆ. ನಿಶ್ಚಲ ಸ್ಥಿತಿಯಿಂದ ಸ್ಥಿರ ವೇಗೋತ್ಕರ್ಷದಲ್ಲಿ ಹೊರಟ ವಸ್ತು ಸಮನಾದ ಕಾಲಾವಧಿಗಳಲ್ಲಿ ಸಾಗುವ ದೂರಗಳು 1, 3, 5, 7ರ ಅನುಪಾತದಲ್ಲಿರುತ್ತವೆ ಎಂಬ ನಿಯಮವೂ ಅಲ್ಲಿದೆ.

ಚಲನೆಯ ಮೂರು ಸಮೀಕರಣಗಳನ್ನು ಬಾಯಿಪಾಠ ಮಾಡುವುದು ಸುಲಭ. ಅವು ವೇಗೋತ್ಕರ್ಷ ಸ್ಥಿರವಾಗಿರುವ ತನಕ ಮಾತ್ರ ಸಲ್ಲುತ್ತವೆ ಎಂಬ ಷರತ್ತೇ ಮರೆತುಹೋಗುವುದು. ಸೆಕೆಂಡಿಗೆ 20 ಮೀಟರ್ ವೇಗದ ಕಾರಿಗೆ ಬ್ರೇಕ್ ಹಾಕಿದಾಗ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ ನಷ್ಟು ಇಳಿಯುತ್ತದೆ ಎನ್ನಿ. 6 ಸೆಕೆಂಡಿನಲ್ಲಿ ಅದು ಎಷ್ಟು ದೂರ ಹೋದೀತು? ಸೂತ್ರಕ್ಕೆ ಅಂಕಿಗಳನ್ನು ತುಂಬಿದರೆ 30 ಮೀಟರ್ ಬರುತ್ತದೆ. ಸರಿ ಉತ್ತರ 40 ಮೀಟರ್. ಕಾರು 4ನೇ ಸೆಕೆಂಡಿಗೇ ನಿಂತಿದೆ, ಆದರೆ ಸೂತ್ರ ಅದನ್ನು ಹಿಂದಕ್ಕೆ ಓಡಿಸುತ್ತಿದೆ! ನಕ್ಷೆ ಬರೆದವರಿಗೆ ಈ ತಪ್ಪು ಕೂಡಲೇ ಕಾಣುತ್ತದೆ.

ಮೇಲಕ್ಕೆ ಎಸೆದ ವಸ್ತುವಿನ ಲೆಕ್ಕದಲ್ಲಿ ಚಿಹ್ನೆಯದೇ ತೊಡಕು. 25 ಮೀಟರ್ ಎತ್ತರದ ಗೋಪುರದಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯಲಾಗಿದೆ. ಮೇಲ್ದಿಕ್ಕು ಧನ ಎಂದುಕೊಂಡರೆ ಗುರುತ್ವ ವೇಗೋತ್ಕರ್ಷ ಸುಮಾರು −10 ಮೀ/ಸೆ², ನೆಲ ತಲುಪಿದಾಗಿನ ಸ್ಥಾನಪಲ್ಲಟ −25 ಮೀಟರ್. ನೆಲ ತಲುಪಲು ಬೇಕಾದ ಕಾಲ 5 ಸೆಕೆಂಡ್ ಎಂಬ ಉತ್ತರ ಒಂದೇ ಸಮೀಕರಣದಲ್ಲಿ ಸಿಗುತ್ತದೆ. ಏರಿಕೆ, ಇಳಿಕೆಗಳನ್ನು ಬೇರೆ ಬೇರೆಯಾಗಿ ಬಿಡಿಸಿದರೂ ಉತ್ತರ ಅದೇ, ಹಿಡಿಯುವ ಸಮಯ ಮಾತ್ರ ಹೆಚ್ಚು. ಒಂದು ಪತ್ರಿಕೆಯ 60 ಪ್ರಶ್ನೆಗೆ 80 ನಿಮಿಷ ಕೊಡುವ ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಇದು ಸಣ್ಣ ವಿಷಯವಲ್ಲ. ತುತ್ತತುದಿಯಲ್ಲಿ ಚೆಂಡಿನ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಸೊನ್ನೆಯಾಗುವುದಿಲ್ಲ. ಆಗಿದ್ದರೆ ಚೆಂಡು ಅಲ್ಲೇ ಉಳಿದುಬಿಡುತ್ತಿತ್ತು.

ಓರೆಯಾಗಿ ಎಸೆದ ವಸ್ತುವಿಗೂ ಹೊಸ ಸೂತ್ರ ಬೇಕಿಲ್ಲ. ಅದರ ಅಡ್ಡ ಚಲನೆಯಲ್ಲಿ ವೇಗ ಬದಲಾಗದು. ಲಂಬ ಚಲನೆ ಮೇಲಿನ ಚೆಂಡಿನದೇ. ಎರಡನ್ನೂ ಬೆಸೆಯುವುದು ಕಾಲವೊಂದೇ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸಮತಟ್ಟು ನೆಲದಿಂದ 45 ಡಿಗ್ರಿ ಕೋನದಲ್ಲಿ ಎಸೆದ ವಸ್ತು ಅತಿ ದೂರ ಹೋಗುತ್ತದೆ. ಒಂದೇ ಜವದಲ್ಲಿ 30 ಮತ್ತು 60 ಡಿಗ್ರಿಗಳಲ್ಲಿ ಎಸೆದ ಎರಡು ವಸ್ತುಗಳು ಒಂದೇ ದೂರದಲ್ಲಿ ಬೀಳುತ್ತವೆ.