ಗೆಳೆಯರನ್ನು ಬಿಟ್ಟರೆ ಖಿನ್ನತೆಯೇ?

ಮುಂಬೈ ಬಳಿಯ ಡೊಂಬಿವಲಿಯ ಹೋಟೆಲೊಂದರ ಕ್ಯಾಷಿಯರ್ ಎಂದಿಟ್ಟುಕೊಳ್ಳಿ. ಊರು ಕುಂದಾಪುರದ ಕಡೆ, ಕುಡಿತ ಬಿಟ್ಟು ಇನ್ನೂ ಹತ್ತು ದಿನ. ‘ಈ ವಾರ ಗೆಳೆಯರನ್ನು ಕಂಡಿರಾ?’ ಎಂದರೆ ‘ಒಬ್ಬರನ್ನೂ ಇಲ್ಲ’ ಎನ್ನುತ್ತಾನೆ. ಖಿನ್ನತೆ ಅಳೆಯುವ ಪ್ರಶ್ನಾವಳಿಯೊಂದರ ಲೆಕ್ಕದಲ್ಲಿ ಇದು ಖಿನ್ನತೆಯ ನಡವಳಿಕೆ. ಆದರೆ ಆ ಗೆಳೆಯರೆಲ್ಲ ಸೇರುವುದೇ ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ. ಅತ್ತ ಸುಳಿಯಬೇಡಿ ಎಂದು ಹೇಳಿ ಕಳಿಸಿದವರು ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕರೇ.

ಇಂಥ ಪ್ರಶ್ನೆಗಳಿರುವ ಮಾಪಕ ‘ಬಿಹೇವಿಯರಲ್ ಆ್ಯಕ್ಟಿವೇಶನ್ ಫಾರ್ ಡಿಪ್ರೆಶನ್ ಸ್ಕೇಲ್’, ಚುಟುಕಾಗಿ ಬ್ಯಾಡ್ಸ್. ಅಮೆರಿಕದ ಜೋನಾಥನ್ ಕ್ಯಾಂಟರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ್ದು. 25 ಹೇಳಿಕೆಗಳು, ಒಂದೊಂದಕ್ಕೆ 0ಯಿಂದ 6 ಅಂಕ. ಮನಸ್ಸು ಎಷ್ಟು ಕುಗ್ಗಿದೆ ಎಂಬುದು ಇಲ್ಲಿ ಮುಖ್ಯವಲ್ಲ. ಮನುಷ್ಯ ಕಳೆದ ವಾರ ಏನು ಮಾಡಿದ, ಯಾವುದರಿಂದ ತಪ್ಪಿಸಿಕೊಂಡ, ಕೆಲಸ ಮತ್ತು ಜನರ ಒಡನಾಟ ಎಷ್ಟು ಕೆಟ್ಟಿತು ಎಂದು ನಾಲ್ಕು ಗುಂಪುಗಳಲ್ಲಿ ಅಳೆಯುತ್ತದೆ. ಮೊದಲು ಪರೀಕ್ಷಿಸಿದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಕುಡುಕರ ಬದುಕಿಗೂ ಅದೇ ಅಳತೆ ಹೊಂದುತ್ತದೆಂದು ಸುಮ್ಮನೆ ನಂಬಲಾಗದು. ಬೇಸರ ಮರೆಯಲು ಏನಾದರೂ ಮಾಡಿದಿರಾ ಎಂದರೆ, ಆ ಕ್ಯಾಷಿಯರ್ ಮಾಡುತ್ತಿದ್ದುದು ಕುಡಿತವೊಂದನ್ನೇ.

ಹೀಗಾಗಿ ಅಳತೆಗೋಲನ್ನೇ ಮತ್ತೆ ಅಳೆಯಬೇಕಾಗುತ್ತದೆ. ಪ್ರಶ್ನೆಗಳು ಕುಡಿತದ ರೋಗಿಗಳಲ್ಲೂ ಅದೇ ನಾಲ್ಕು ಗುಂಪುಗಳಾಗಿ ಕೂಡುತ್ತವೆಯೇ? ಪಿಎಚ್‌ಕ್ಯೂ-9ರಂಥ ಖಿನ್ನತೆಯ ಮಾಪಕದೊಂದಿಗೆ ತಾಳೆಯಾಗುತ್ತವೆಯೇ? ಕೆಲವು ದಿನ ಬಿಟ್ಟು ಕೇಳಿದರೆ ಉತ್ತರ ಹಾಗೇ ನಿಲ್ಲುತ್ತದೆಯೇ? ಮೂರನೆಯದೇ ಕಗ್ಗಂಟು. ಬ್ರೌನ್ ಮತ್ತು ಶುಕಿಟ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯವ್ಯಸನಕ್ಕೆ ಚಿಕಿತ್ಸೆಗೆ ಬಂದ ಗಂಡಸರಲ್ಲಿ ದಾಖಲಾದಾಗ ಶೇ 42ರಷ್ಟು ಮಂದಿಗೆ ಗಣನೀಯ ಖಿನ್ನತೆಯಿತ್ತು. ಕುಡಿಯದೆ ನಾಲ್ಕು ವಾರ ಕಳೆದಾಗ ಅದು ಶೇ 6ಕ್ಕೆ ಇಳಿದಿತ್ತು. ಮೊದಲ ದಿನದ ಅಂಕವನ್ನೇ ಕೇಸ್ ಪೇಪರಿಗೆ ಅಂಟಿಸಿ ಮಾತ್ರೆ ಬರೆಯುವ ಅವಸರ ನನಗಂತೂ ಹಿಡಿಸದು.

ಉತ್ತರ ಕೊಡುವವನು ಎಲ್ಲಿದ್ದಾನೆ ಎಂಬುದೂ ಮುಖ್ಯ. ಠಾಣೆಯ ಪ್ರಾದೇಶಿಕ ಮನೋರೋಗ ಆಸ್ಪತ್ರೆಯಂಥ ಕಡೆ ದಾಖಲಾದವನನ್ನು ‘ಕೆಲಸಕ್ಕೆ ಹೋದಿರಾ’ ಎಂದು ಕೇಳಿ ಪ್ರಯೋಜನವೇನು? ವಾರ್ಡಿನ ಬಾಗಿಲು ಆಚೆಯಿಂದ ಮುಚ್ಚಿರಬಹುದು. ನವಿ ಮುಂಬೈಯ ಹೋಟೆಲ್ ಹುಡುಗನಿಗೋ ಇದರ ತಿರುವುಮುರುವು: ಹಗಲಿರುಳು ಡ್ಯೂಟಿ, ಮಲಗುವುದೂ ಅಲ್ಲೇ. ಮನಸ್ಸು ಎಷ್ಟೇ ಕುಸಿದಿದ್ದರೂ ಕಾಗದದ ಮೇಲೆ ಅವನು ಮಹಾ ಚಟುವಟಿಕೆಯವನು. ಸಾಲದ್ದಕ್ಕೆ ಪ್ರಶ್ನೆ ಮರಾಠಿಯಲ್ಲಿ, ಉತ್ತರ ಹರಕು ಹಿಂದಿಯಲ್ಲಿ, ಸಂಕಟ ತುಳುವಿನಲ್ಲಿ.

ಚಿಕಿತ್ಸೆಯ ಕಡೆ ನೋಡಿದರೆ, ಹತ್ತಿರದ ಗೋವಾದಲ್ಲಿ ಸಂಗಾತ್ ಸಂಸ್ಥೆ ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತಸಮಾಲೋಚನೆ ನಡೆಸಿತು. ಖಿನ್ನತೆಗೆ 495 ಮಂದಿಯ ಪ್ರಯೋಗ, ಕುಡಿತಕ್ಕೆ 377 ಗಂಡಸರ ಇನ್ನೊಂದು. ಎರಡೂ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದವು. ಬ್ಯಾಡ್ಸ್ ಹೆಸರಿನಲ್ಲಿರುವ ‘ಬಿಹೇವಿಯರಲ್ ಆ್ಯಕ್ಟಿವೇಶನ್’, ಅಂದರೆ ಮಾಡುವ ಕೆಲಸಗಳನ್ನು ಒಂದೊಂದಾಗಿ ಮರಳಿ ಹಚ್ಚಿಸುವ ವಿಧಾನ, ಖಿನ್ನತೆಗೆ ಫಲ ಕೊಟ್ಟಿತು. ಸಂಶೋಧಕರಿಗೆ ಎರಡು ಕಾಯಿಲೆಗೆ ಎರಡು ಪಟ್ಟಿ ಬೇಕು, ಸರಿ. ಕಲ್ಯಾಣದ ಓಪಿಡಿಗೆ ಬರುವವನು ಎರಡನ್ನೂ ಒಟ್ಟಿಗೇ ಹೊತ್ತು ತರುತ್ತಾನೆ. ಅವನಿಗಾಗಿ ಮಾಪಕ ಸಿದ್ಧಪಡಿಸುವವರು ಗೆಳೆಯರ ಪ್ರಶ್ನೆಯನ್ನು ಕುಡಿಯುವ ಗೆಳೆಯರು, ಕುಡಿಯದವರು ಎಂದು ಒಡೆದು ಕೇಳಿ ನೋಡಬೇಕು. ಎರಡಕ್ಕೂ ಅಂಕ ಒಂದೇ ದಿಕ್ಕಿಗೆ ಹೋದರೆ ಆ ಪ್ರಶ್ನೆಯನ್ನು ಹಾಗೇ ಉಳಿಸಬಹುದು, ಇಲ್ಲವಾದರೆ ಕೈಬಿಡಬೇಕು.