ಮೊಬೈಲ್ ವಂಚನೆಯಿಂದ ರೈತರ ಬ್ಯಾಂಕ್ ಖಾತೆಯ ರಕ್ಷಣೆ

ಹೊಸಪೇಟೆ, ಹಂಪಿ, ಕಂಪ್ಲಿ ಭಾಗದಲ್ಲಿ ಕಾಲುವೆ ನೀರಿನಿಂದ ಭತ್ತ, ಕಬ್ಬು, ಬಾಳೆ ಬೆಳೆಯುವ ರೈತರಾಗಲಿ, ಸಂಡೂರು ಭಾಗದ ಮಳೆಯಾಶ್ರಿತ ಬೇಸಾಯಗಾರರಾಗಲಿ, ಸರ್ಕಾರದ ಸಹಾಯಧನವನ್ನು ಈಗ ಬ್ಯಾಂಕ್ ಖಾತೆಯ ಮೂಲಕವೇ ಪಡೆಯುತ್ತಾರೆ. ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಜಮೆಯಾಗುತ್ತದೆ. ಈ ಕಂತಿನ ಹೆಸರನ್ನೇ ವಂಚಕರು ಬಲೆಯಾಗಿ ಬಳಸುತ್ತಿದ್ದಾರೆ. 2,000 ರೂಪಾಯಿಯ ಕಂತಿನ ಆಸೆಗೆ ಬೆಳೆ ಮಾರಿದ ಹಣವೆಲ್ಲ ಹೋಗುವ ಸಂಭವವಿದೆ.

ವಂಚನೆಯ ವಿಧಾನ

"ನಿಮ್ಮ ಕಂತು ನಿಂತಿದೆ, ಈ ಫೈಲ್ ಒತ್ತಿ ಇ-ಕೆವೈಸಿ ಮುಗಿಸಿ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ವಂಚಕರ ವಶವಾದ ಪರಿಚಿತರ ಫೋನಿನಿಂದಲೂ ಬರಬಹುದು. ಫೈಲಿನ ಹೆಸರಿನ ಕೊನೆಯಲ್ಲಿ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದನ್ನು ಅಳವಡಿಸಿ, ಸಂದೇಶ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿಗಳು ವಂಚಕರಿಗೆ ತಲುಪುತ್ತವೆ. ಆದುದರಿಂದ ಓಟಿಪಿಯನ್ನು ಬಾಯಿಬಿಟ್ಟು ಹೇಳದಿದ್ದರೂ ಹಣ ಹೋಗುತ್ತದೆ.

ಹೆಬ್ಬೆಟ್ಟಿನ ಗುರುತೂ ಕಳುವಾಗುವುದುಂಟು. 2023ರಲ್ಲಿ ನಮ್ಮ ರಾಜ್ಯದ ಮಂಗಳೂರು, ಬೆಂಗಳೂರುಗಳಲ್ಲಿ, ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ಹಾಗೂ ಆಧಾರ್ ಸಂಖ್ಯೆ ಕದ್ದು ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಆಧಾರ್ ಮತ್ತು ಹೆಬ್ಬೆಟ್ಟಿನಿಂದ ಹಣ ತೆಗೆಯುವಾಗ ಓಟಿಪಿ ಬೇಕಾಗುವುದಿಲ್ಲ.

ಮುನ್ನೆಚ್ಚರಿಕೆ ಕ್ರಮಗಳು

1. ಸಂದೇಶದಲ್ಲಿ ಬಂದ ಎಪಿಕೆ ಫೈಲನ್ನು ತೆರೆಯಬಾರದು. ಇ-ಕೆವೈಸಿಯನ್ನು ಯೋಜನೆಯ ಅಧಿಕೃತ ಜಾಲತಾಣದಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಸಬೇಕು. ಸಂಶಯವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

2. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. "ಹಣ ಬರುತ್ತದೆ, ಪಿನ್ ಒತ್ತಿ" ಎಂದರೆ ಅದು ಮೋಸವೆಂದೇ ತಿಳಿಯಬೇಕು.

3. ಆಧಾರ್ ಜಾಲತಾಣ ಅಥವಾ ಆಧಾರ್ ಆ್ಯಪ್ ಮೂಲಕ ಬೆರಳಚ್ಚಿಗೆ ಬೀಗ ಹಾಕಿಸಬಹುದು. ಪಡಿತರಕ್ಕೆ ಹೆಬ್ಬೆಟ್ಟು ಕೊಡಬೇಕಾದಾಗ ಅದನ್ನು ತಾತ್ಕಾಲಿಕವಾಗಿ ತೆರೆಯಬಹುದು.

ಹಣ ಹೋದಾಗ

ಕೂಡಲೇ ಮೊಬೈಲಿನ ಇಂಟರ್‌ನೆಟ್ ಆರಿಸಿ, ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಬೇಕು. ಬ್ಯಾಂಕಿಗೂ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಬೇಕು. ವಂಚಕರು ಹಣವನ್ನು ನಗದಾಗಿಸುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮೋಸ ಹೋದೆನೆಂದು ನಾಚಿ ಮನೆಯವರಿಂದಲೂ ಮುಚ್ಚಿಟ್ಟರೆ ಆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ರೈತ ಬಾಂಧವರು ಈ ವಿಷಯವನ್ನು ಮನೆಯವರಿಗೂ ನೆರೆಹೊರೆಯವರಿಗೂ ತಿಳಿಸುವುದು ಒಳಿತು.