ಎಡಚರಿಗೂ ಒಂದು ರೈಫಲ್

ಹತ್ತು ಜನರಲ್ಲಿ ಹೆಚ್ಚುಕಮ್ಮಿ ಒಬ್ಬರು ಎಡಚರು. ಆದರೆ ರೈಫಲ್ ಮಾಡಿದ್ದು ಬಲಗೈಯವರಿಗೆ! ಅಮೆರಿಕದ ಎಂ-16 ನೋಡಿ. ಸೇಫ್ಟಿ ಎಡಬದಿಯಲ್ಲಿ, ಬಲಗೈ ಹೆಬ್ಬೆರಳಿಗೆ ಸಿಗೋ ಹಾಗೆ. ಮ್ಯಾಗಜಿನ್ ಬಿಚ್ಚುವ ಗುಂಡಿ ಬಲಬದಿಯಲ್ಲಿ. ಖಾಲಿ ತೋಟಾ ಎಡಚನ ಮುಖದ ಕಡೆಗೇ ಹಾರುತ್ತಿತ್ತು; ಅದನ್ನು ತಡೆಯೋಕೆ 1980ರ ದಶಕದ ಎಂ-16ಎ2ಗೆ ಸಣ್ಣ ಉಬ್ಬೊಂದನ್ನು ಸೇರಿಸಿದರು. ಬ್ರಿಟನ್ನಿನ ಎಸ್‌ಎ80 ಇನ್ನೂ ಕಷ್ಟ. ಅಲ್ಲಿ ಎಡಚರೂ ಬಲಭುಜಕ್ಕಿಟ್ಟೇ ಹೊಡೆಯಬೇಕು.

ಹಾಗಾದ್ರೆ ಎರಡೂ ಬದಿಗೆ ಏನೇನು ಬೇಕು? ಮೊದಲು ಸೇಫ್ಟಿ, ಹಿಡಿತ ಬದಲಿಸದೆ ಬೆರಳಿಗೆ ಸಿಗಬೇಕು. ಆಮೇಲೆ ಮ್ಯಾಗಜಿನ್ ಗುಂಡಿ, ಬೋಲ್ಟ್ ಬಿಡುವ ಗುಂಡಿ. ಬಲಗೈಗೆ ಗಾಯವಾದಾಗ, ಗೋಡೆಯ ಎಡ ಅಂಚಿನಿಂದ ಗುಂಡು ಹಾರಿಸಬೇಕಾದಾಗ, ಬಲಗೈಯವನ ಜೀವ ಉಳಿಸೋದೂ ಇದೇ.

ಖರೀದಿ ಕಡತಕ್ಕೆ ಸಹಿ ಹಾಕುವವರು ಮೊದಲು ರೈಫಲ್ಲನ್ನು ಎಡಗೈಲಿ ಹಿಡಿದು ನೋಡಲಿ.